ಹೇಮಾವತಿಯ ಜಿಲೇಬಿಗೆ ಹುಚ್ಚೆಳ್ಳಿನ ಪುಡಿ

ಎಣ್ಣೆ ಕಲ್ಲಾಗಿತ್ತು. ಹೊಳೆನರಸೀಪುರಕ್ಕೆ ಬಂದ ಮೊದಲ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ತಲೆಗೆ ಹಚ್ಚಲೆಂದು ತೆಂಗಿನೆಣ್ಣೆಯ ಬಾಟಲಿ ಬಗ್ಗಿಸಿದೆ. ಒಂದು ಹನಿಯೂ ಬೀಳಲಿಲ್ಲ. ಒಳಗೆ ಮೇಣದ ಹಾಗೆ ಬೆಳ್ಳಗೆ ಗಟ್ಟಿಯಾಗಿ ಕುಳಿತಿತ್ತು. ಮಲ್ಪೆಯಲ್ಲಿ ಚಳಿಗಾಲವೆಂದರೆ ಎಣ್ಣೆ ಸ್ವಲ್ಪ ಮಂಕಾಗುವುದು, ಅಷ್ಟೆ. ನಮ್ಮವರು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, "ಅಂಗಡಿಯವ ಡಾಲ್ಡಾ ತುಂಬಿಸಿ ಕೊಟ್ಟಿದ್ದಾನೆ ಮಾರಾಯ್ತಿ" ಎಂದರು.

ತೊಂಬತ್ತರ ದಶಕದ ನಡುವೆ, ಸರಕಾರಿ ಆಸ್ಪತ್ರೆಯ ಸ್ಟಾಫ್ ನರ್ಸ್ ಆಗಿ ನನಗೆ ಇಲ್ಲಿಗೆ ವರ್ಗವಾಯಿತು. ನಮ್ಮವರು ಮೀನುಗಾರಿಕೆ ಬೋಟಿನಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದವರು. ಸಮುದ್ರ ಬಿಟ್ಟು ನನ್ನ ಹಿಂದೆ ಬಂದರು, ಬಸ್ ನಿಲ್ದಾಣದ ಹತ್ತಿರ ಪಂಪ್‌ಸೆಟ್ ರಿಪೇರಿಯ ಸಣ್ಣ ಅಂಗಡಿ ಹಾಕಿದರು. ಮಕ್ಕಳಿಲ್ಲದ ನಮಗೆ ಆಸ್ಪತ್ರೆಯ ಕ್ವಾರ್ಟರ್ಸ್ ಸಾಕಾಗಿತ್ತು. ನರ್ಸಿಂಗ್ ಶಾಲೆಯ ಹಾಸ್ಟೆಲಿನಲ್ಲಿ ಕಲಿತ ಶಿಸ್ತು ನನ್ನದು. ಹಾಸಿಗೆಯ ಚಾದರದಲ್ಲಿ ಮಡಿಕೆ ಇರಬಾರದು, ಊಟ ಹೊತ್ತಿಗೆ ಸರಿಯಾಗಿ ಆಗಬೇಕು. ಊರು ಬದಲಾದರೂ ಇದನ್ನು ಬಿಡಲಿಲ್ಲ. ಪರಸ್ಥಳದಲ್ಲಿ ಕಾಲೂರಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಮಲ್ಪೆಯ ಉಪ್ಪಿನ ಭರಣಿ ವರ್ಷವಿಡೀ ಒದ್ದೆ. ಇಲ್ಲಿ ಉಪ್ಪು ಮರಳಿನಂತೆ ಉದುರುತ್ತದೆ. ಅಲ್ಲಿ ಮಳೆಗಾಲದಲ್ಲಿ ಬೋಟುಗಳು ದಡ ಸೇರಿದಾಗ ಮಾತ್ರ ಮೀನಿಗೆ ಬರ. ಇಲ್ಲಿ ವಾರದ್ದೇ ಬೇರೆ ಲೆಕ್ಕ. ಸೋಮವಾರ ಈಶ್ವರನ ದಿನ, ಶನಿವಾರ ನರಸಿಂಹಸ್ವಾಮಿಯ ದಿನ, ತಿನ್ನುವವರೂ ಅಂದು ಮುಟ್ಟುವುದಿಲ್ಲ. ಮಾತಿನದೂ ಒಂದು ಫಜೀತಿ. ನಮ್ಮ ಮನೆಮಾತು ತುಳು, ಕನ್ನಡ ಶಾಲೆಯಲ್ಲಿ ಕಲಿತದ್ದು. "ಇಲ್ಲಿಗೆ ಯಾವಾಗ ಬರುವುದು?" ಎಂದು ನಾನು ಕೇಳಿದರೆ ರೋಗಿಗಳು ನಗುತ್ತಿದ್ದರು. ಅವರು "ಬತ್ತೀನಿ ಕಣವ್ವ" ಎಂದರೆ ನಾನು ಕ್ಷಣ ನಿಂತು ಅರ್ಥ ಮಾಡಿಕೊಳ್ಳಬೇಕಿತ್ತು.

ಇವೆಲ್ಲ ಸಣ್ಣ ತೊಡಕುಗಳು. ಮೂರನೆಯ ವರ್ಷ ನಮ್ಮವರಿಗೆ ಹೃದಯಾಘಾತವಾಯಿತು.

ಮೈಸೂರಿನ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಕಳಿಸುವಾಗ ವೈದ್ಯರು ಕರಿದದ್ದು ಬೇಡ, ತೆಂಗಿನಕಾಯಿ ಬೇಡ, ತೆಂಗಿನೆಣ್ಣೆ ಬೇಡ ಎಂದರು. ಮೀನು ತಿನ್ನಬಹುದು, ಬಿಳಿ ಮಾಂಸದ್ದಾದರೆ ಒಳ್ಳೆಯದು, ಆದರೆ ಬೇಯಿಸಿ ಅಥವಾ ಬೇಕ್ ಮಾಡಿ. ನಾನು ತಲೆಯಾಡಿಸಿದೆ. ನಮ್ಮವರು ಕಿಟಕಿಯ ಕಡೆ ನೋಡುತ್ತಿದ್ದರು. ಕರಾವಳಿಯವನಿಗೆ ತೆಂಗು ಬಿಡು ಎಂದರೆ ಅಡುಗೆಮನೆಗೇ ಬೀಗ ಹಾಕಿದ ಹಾಗೆ.

ಊರಿನ ಹೊಳೆ ಹೇಮಾವತಿಯ ಮೀನನ್ನು ಹಬೆಯಲ್ಲಿ ಬೇಯಿಸಿ, ಕಾಳುಮೆಣಸು ಉದುರಿಸಿ, ಕುಚ್ಚಲಕ್ಕಿ ಗಂಜಿಯ ಜೊತೆ ಕೊಟ್ಟೆ. ಅವರು ಮೂಸಿ ತಟ್ಟೆ ಸರಿಸಿದರು.

"ಇದು ಕೆಸರು. ಕೆಸರನ್ನು ಆಸ್ಪತ್ರೆಯ ಊಟದ ಹಾಗೆ ಮಾಡಿದ್ದೀ."

"ಹಸಿವಾದರೆ ತಿನ್ನುತ್ತೀರಿ" ಎಂದೆ.

ಅವರಿಗೆ ಹಸಿವಾಗಲಿಲ್ಲ. ದಿನದಿಂದ ದಿನಕ್ಕೆ ಗಂಜಿಯೂ ಕಡಿಮೆಯಾಯಿತು. ಅಂಗಡಿ ಮುಚ್ಚಿತ್ತು. ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಕುಳಿತು ಗೇಟನ್ನು ನೋಡುತ್ತಿದ್ದರು. ಅಂಗಿಯ ಕಾಲರಿನಲ್ಲಿ ಕುತ್ತಿಗೆ ಸಣ್ಣದಾಗುತ್ತಿರುವುದು ನನಗೆ ಕಾಣುತ್ತಿತ್ತು. ಒಂದು ದಿನ ಡ್ಯೂಟಿ ಮುಗಿಸಿ ಬಂದಾಗ ಅವರೇ ಹೇಳಿದರು: "ಅಣ್ಣನಿಗೆ ಫೋನು ಮಾಡಿದೆ. ಬರುವ ಭಾನುವಾರ ಜೀಪು ತರುತ್ತಾನೆ. ನಾನು ಮಲ್ಪೆಗೆ ಹೋಗುತ್ತೇನೆ. ನಿನ್ನ ಸರ್ವೀಸು ಮುಗಿಸಿಕೊಂಡು ಬಾ."

ನನ್ನ ಸರ್ವೀಸು ಇನ್ನೂ ಬಹಳ ಇತ್ತು. ಬಿಟ್ಟು ಹೋದರೆ ಇಬ್ಬರ ಅನ್ನಕ್ಕೂ ದಾರಿಯಿಲ್ಲ. ಭಾವನ ಮನೆಯ ಅಡುಗೆಯೂ ನನಗೆ ಗೊತ್ತು. ಮಧ್ಯಾಹ್ನ ಬಂಗುಡೆಯ ಹುಳಿಖಾರದ ಪುಳಿಮುಂಚಿ, ಸಂಜೆ ಕಾಣೆ ಮೀನಿನ ಫ್ರೈ, ಎಲ್ಲದಕ್ಕೂ ತೆಂಗಿನೆಣ್ಣೆ. ಪ್ರೀತಿಯಿಂದಲೇ ಬಡಿಸುತ್ತಾರೆ, ಕಾಯಿಲೆಯವನಿಗೆ ಇಲ್ಲ ಎನ್ನಲು ಅಲ್ಲಿ ಯಾರಿಗೂ ಬಾಯಿ ಬರುವುದಿಲ್ಲ. ಎರಡನೆಯ ಆಘಾತವಾದವರನ್ನು ನಾನು ವಾರ್ಡಿನಲ್ಲಿ ನೋಡಿದ್ದೆ. ನಮ್ಮವರು ಜೀಪು ಹತ್ತಿದರೆ ಮುಂದಿನದು ನನಗೆ ತಿಳಿದಿತ್ತು. ಭಾನುವಾರದೊಳಗೆ ಈ ಊರಿನ ಮೀನು ಅವರ ಬಾಯಿಗೆ ಹೋಗಬೇಕಿತ್ತು.

ಸೇತುವೆಯ ಬಳಿ ಮೀನು ಮಾರುವ ಕೆಂಪಮ್ಮನಿಗೆ ವಿಷಯ ಆಗಲೇ ಮುಟ್ಟಿತ್ತು. ಸಣ್ಣ ಊರು.

"ಏನ್ ಸಿಸ್ಟ್ರವ್ವಾ, ನಿಮ್ಮೆಜಮಾನ್ರು ನಮ್ ಮೀನ್ ಒಲ್ಲೆ ಅಂತ ಊರಿಗ್ ಒಂಟವ್ರಂತೆ?"

"ಕೆಸರು ವಾಸನೆ ಅನ್ನುತ್ತಾರೆ."

"ನೀವ್ ಎಂಗ್ ತೊಳಿತೀರಾ?"

"ಎರಡು ನೀರಲ್ಲಿ."

ಕೆಂಪಮ್ಮ ಪಕ್ಕದವಳ ಕಡೆ ತಿರುಗಿ ನಕ್ಕಳು. "ಎಲ್ಡ್ ನೀರಂತೆ ಕಣಮ್ಮಿ. ಮದುವಣಗಿತ್ತಿಗ್ ಮೊಕ ತೊಳ್ದಂಗೆ. ಅವ್ವಾ, ಇದು ಒಳೆ ಮೀನು, ಎತ್ತಿನ್ ಮೈ ಉಜ್ಜ್ದಂಗ್ ಉಜ್ಬೇಕು."

ಇದು ನಮ್ಮ ಊರಿನವರಿಗೆ ಮಾತ್ರ ಅರ್ಥವಾಗುವ ತಪ್ಪು. ಮಲ್ಪೆಯಲ್ಲಿ ಮೀನನ್ನು ಎರಡು ನೀರಿಗಿಂತ ಹೆಚ್ಚು ತೊಳೆದರೆ ಅವಮಾನ. ನೋಡಿದವರು ಹಳಸಿದ ಮೀನು ತಂದಿದ್ದಾರೆ ಎನ್ನುತ್ತಾರೆ. ಸಮುದ್ರದ ರುಚಿ ನೀರಲ್ಲಿ ಹೋಗುತ್ತದೆ ಎಂದು ನಮ್ಮವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಎಣಿಸುವವರು. ಆ ಲೆಕ್ಕವನ್ನೇ ನಾವು ಘಟ್ಟದ ಮೇಲೂ ತಂದಿದ್ದೆವು. ಇಲ್ಲಿ ತೊಳೆದು ತೆಗೆಯಬೇಕಾದದ್ದೇ ಬೇರೆ ಇತ್ತು.

ಅಂದು ತಂದದ್ದು ಜಿಲೇಬಿ. ಸಿಹಿತಿಂಡಿಯಲ್ಲ, ಕೆರೆ ಹೊಳೆಗಳಲ್ಲಿ ಸಿಗುವ ಚಪ್ಪಟೆ ಮೀನಿಗೆ ಇಲ್ಲಿಯ ಹೆಸರು ಅದು. ಮಾಂಸ ಬಿಳಿ, ಸಣ್ಣ ಮುಳ್ಳು ಕಡಿಮೆ. ಮೀನಿನ ಬೋಗುಣಿಯನ್ನೂ ಚೂರಿಯನ್ನೂ ಮೆಟ್ಟಿಲಿಗೇ ತಂದು ಅವರ ಮುಂದೆ ಇಟ್ಟೆ.

"ನನಗೆ ವಾರ್ಡಿಗೆ ಹೊತ್ತಾಯಿತು. ನೀವು ಕೊಯ್ದು ಕೊಡಿ."

"ನಾನಾ? ಡಾಕ್ಟರು ವಿಶ್ರಾಂತಿ ಎಂದಿದ್ದಾರೆ."

"ಕೂತು ಮಾಡುವ ಕೆಲಸ. ಸಿಸ್ಟರ್ ಹೇಳುತ್ತಿದ್ದಾಳೆ, ಮಾಡಿ."

ಗೊಣಗಿದರು, ಆದರೂ ಚೂರಿ ತೆಗೆದುಕೊಂಡರು. ಅವರು ಮೀನು ಕೊಯ್ಯುವುದನ್ನು ನೋಡಿ ಬಹಳ ಕಾಲವಾಗಿತ್ತು. ಪೊರೆ ತೆಗೆದು, ಹೊಟ್ಟೆ ಸೀಳಿ, ಬೆರಳು ಆಡಿಸಿ ನಿಂತರು. "ಬಾ ಇಲ್ಲಿ. ನೋಡು." ಹೊಟ್ಟೆಯ ಒಳಗೆ ಮಸಿಯಂತಹ ಕಪ್ಪು ಪದರ. "ಕಾಣೆಯಲ್ಲಿ ಇದು ಇಷ್ಟು ಇರುವುದಿಲ್ಲ. ವಾಸನೆ ಇದರಲ್ಲಿ ಉಂಟು. ಚರ್ಮದಲ್ಲೂ ಉಂಟು." ಪದರವನ್ನು ಕೆರೆದರು, ಚರ್ಮ ಸುಲಿದರು. ಹರಳುಪ್ಪು ಹಾಕಿ ಉಜ್ಜಿದರು. ಹುಳಿ ಮಜ್ಜಿಗೆಯಲ್ಲಿ ನೆನೆಸಿಡುತ್ತೇನೆ ಎಂದೆ. ನೀರು ಎಷ್ಟು ಸಲ ಬದಲಾಯಿತೆಂದು ಅಂದು ಅವರು ಎಣಿಸಲಿಲ್ಲ.

ಇನ್ನು ಮೇಲೆ ಹಾಕುವುದೇನು? ತೆಂಗಿಲ್ಲದ ಮಸಾಲೆ ನನ್ನ ಕೈಗೆ ಬರುತ್ತಿರಲಿಲ್ಲ. ಪಕ್ಕದ ಕ್ವಾರ್ಟರ್ಸಿನಲ್ಲಿ ಆಸ್ಪತ್ರೆಯ ಗುಮಾಸ್ತರ ಹೆಂಡತಿ ಸರ್ವಮಂಗಳಮ್ಮ ಇದ್ದರು. ತವರು ಹತ್ತಿರದ ಹಳೇಕೋಟೆ, ಲಿಂಗಪೂಜೆ ಮಾಡದೆ ನೀರು ಕುಡಿಯದವರು. ಅವರ ಮನೆಯಲ್ಲಿ ಹುಚ್ಚೆಳ್ಳು ಹುರಿಯುವ ಘಮ ಆಗಾಗ ಗೋಡೆ ದಾಟಿ ಬರುತ್ತಿತ್ತು. ರಾಗಿ ಹೊಲದ ನಡುವೆ ಸಾಲಾಗಿ ಹಳದಿ ಹೂ ಬಿಡುವ ಗಿಡ ಅದು. ಸಣ್ಣ ಕರಿ ಬೀಜವನ್ನು ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಕರಿಬೇವು ಸೇರಿಸಿ ಕುಟ್ಟಿ ಪುಡಿ ಮಾಡುತ್ತಾರೆ. ರೊಟ್ಟಿಗೆ ಹಚ್ಚಿಕೊಂಡು ತಿನ್ನಲು ನನಗೂ ಒಮ್ಮೆ ಕೊಟ್ಟಿದ್ದರು. ಅದರಲ್ಲಿ ಎಣ್ಣೆಯ ಅಂಶವಿದೆ, ತೆಂಗಿನಷ್ಟೇ ಬಾಯಿ ತುಂಬುತ್ತದೆ.

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಸ್ವಲ್ಪ ಹುಚ್ಚೆಳ್ಳು ಪುಡಿ ಬೇಕಿತ್ತು. ಮೀನಿಗೆ" ಎಂದೆ.



"ನಿಮ್ಮೆಜಮಾನ್ರಿಗಾ?"

"ಹೌದು. ತಿನ್ನದಿದ್ದರೆ ಊರಿಗೆ ಹೋಗುತ್ತಾರೆ. ಹೋದರೆ ಉಳಿಯುವುದಿಲ್ಲ."

ಒಳಗೆ ಹೋಗಿ ಒಂದು ಸ್ಟೀಲ್ ಡಬ್ಬಿ ತುಂಬಿಸಿ ತಂದರು. "ತಗೊಳ್ಳಿ. ಇದು ಊಟಕ್ಕಲ್ಲ, ಔಷಧಿಗೆ ಅಂತ ಕೊಡ್ತಾ ಇದೀನಿ. ಡಬ್ಬಿ ಮಾತ್ರ ವಾಪಸ್ ತರ್‌ಬೇಡಿ, ನೀವೇ ಇಟ್ಕೊಳ್ಳಿ."

ಅವರ ನಿಯಮ ಅವರಿಗೆ, ನನ್ನದು ನನಗೆ. ನಿಯಮದ ಒಳಗಿದ್ದುಕೊಂಡೇ ಒಬ್ಬರು ಇನ್ನೊಬ್ಬರಿಗೆ ಎಷ್ಟು ದೂರ ಕೈ ಚಾಚಬಹುದು ಎಂದು ನಾನು ಕಲಿತದ್ದು ಆ ಬಾಗಿಲಲ್ಲಿ.

ನಮ್ಮಲ್ಲಿ ಓವನ್ ಇರಲಿಲ್ಲ. ಇದ್ದರೂ ಸಂಜೆಯ ಕರೆಂಟನ್ನು ನಂಬುವಂತಿರಲಿಲ್ಲ. ಡ್ಯೂಟಿ ಮುಗಿಸಿ ಬಂದು ನಮ್ಮೂರಿನ ಹಳೆಯ ಕ್ರಮಕ್ಕೆ ಹೋದೆ. ದಪ್ಪ ತಳದ ಡಬರಿಗೆ ಹೊಳೆಯ ಮರಳು ಹಾಸಿ ಕಾಯಿಸಿದೆ. ಮಜ್ಜಿಗೆಯಿಂದ ತೆಗೆದ ಮೀನನ್ನು ಒರೆಸಿ, ಅರಸಿನ ನಿಂಬೆರಸ ಹಚ್ಚಿ, ಬಾಳೆ ಎಲೆ ಹಾಸಿದ ತಟ್ಟೆಯಲ್ಲಿ ಮಲಗಿಸಿದೆ. ಹುಚ್ಚೆಳ್ಳು ಪುಡಿಗೆ ಸಣ್ಣಗೆ ಹೆಚ್ಚಿದ ಈರುಳ್ಳಿ, ಕೊತ್ತಂಬರಿ ಸೊಪ್ಪು, ಇನ್ನಷ್ಟು ನಿಂಬೆರಸ, ಒಂದೇ ಚಮಚ ಕಡಲೆಕಾಯಿ ಎಣ್ಣೆ ಕಲಸಿ ಮೀನಿನ ಮೇಲೆ ದಪ್ಪಗೆ ಒತ್ತಿದೆ. ತಟ್ಟೆಯನ್ನು ಮರಳಿನ ಮೇಲಿಟ್ಟು ಮುಚ್ಚಳ ಮುಚ್ಚಿ, ಮುಚ್ಚಳದ ಮೇಲೆ ಬಚ್ಚಲ ಒಲೆಯ ಕೆಂಡ ಹರಡಿದೆ. ಕೆಳಗಿನ ಕಾವು ಮೀನನ್ನು ಬೇಯಿಸುತ್ತದೆ, ಮೇಲಿನದು ಪುಡಿಯನ್ನು ಗರಿಗರಿ ಮಾಡುತ್ತದೆ. ನಡುವೆ ಮುಚ್ಚಳ ತೆರೆಯಬಾರದು. ತೆರೆದರೆ ಬೂದಿ ಬೀಳುತ್ತದೆ, ಕಾವೂ ಹೋಗುತ್ತದೆ. ಈರುಳ್ಳಿ ಕಂದಿದ ವಾಸನೆ ಬಂದ ಮೇಲೆ ಇಳಿಸಿದರೆ ಸರಿ.

ನಮ್ಮವರು ಮುಳ್ಳಿನಿಂದ ಒಂದು ಪದರ ಬಿಡಿಸಿ ಬಾಯಿಗೆ ಹಾಕಿಕೊಂಡರು. ಬಹಳ ಹೊತ್ತು ಅಗಿದರು.

"ಇದು ಮೀನಲ್ಲ" ಎಂದರು.

ಆಮೇಲೆ ತಟ್ಟೆಯನ್ನು ನನ್ನ ಕಡೆ ಚಾಚಿದರು.

"ಇನ್ನೊಂದು ತುಂಡು ಹಾಕು."

ಭಾನುವಾರ ಭಾವ ಬಂದರು. ಜೀಪಿನಲ್ಲಿ ತಮ್ಮನಿಗೆಂದು ದಿಂಬು ಹಾಸಿಗೆ ಎಲ್ಲ ಹಾಕಿಸಿದ್ದರು. ಬೆಳಿಗ್ಗೆಯೇ ನಮ್ಮವರು ಮೆಟ್ಟಿಲ ಮೇಲೆ ಕುಳಿತು ಜಿಲೇಬಿ ಕೊಯ್ದಿದ್ದರು. ಊಟಕ್ಕೆ ಕುಳಿತಾಗ ಭಾವ ತಟ್ಟೆಯನ್ನು ತಿರುಗಿಸಿ ನೋಡಿದರು.

"ಎಂತ ಇದು ಶೀನ, ಮೀನಿನ ಮೇಲೆ ಮಣ್ಣು ಹಾಕಿದ ಹಾಗೆ ಉಂಟು?"

"ತಿನ್ನಿ ಅಣ್ಣ. ಮಣ್ಣು ನಾನು ತೆಗೆದಿದ್ದೇನೆ."

ಭಾವ ತಿಂದರು, ತೆಂಗಿನಕಾಯಿ ಇದ್ದಿದ್ದರೆ ಎಂದರು, ಎರಡನೆಯ ಸಲವೂ ಹಾಕಿಸಿಕೊಂಡರು. ಕೈ ತೊಳೆದು, "ಹಾಗಾದರೆ ಹೊರಡುವುದಾ?" ಎಂದು ಕೇಳಿದರು. ನಾನು ಪಾತ್ರೆ ಎತ್ತುತ್ತಿದ್ದವಳು ನಿಂತೆ.

"ಬುಧವಾರ ಮೀನು ಬರುತ್ತದೆ" ಎಂದರು ನಮ್ಮವರು. "ಇವಳಿಗೆ ಕೊಯ್ಯಲಿಕ್ಕೆ ಬರುವುದಿಲ್ಲ."

ಮದುವೆಯಾದಂದಿನಿಂದ ಮನೆಯ ಮೀನು ಕೊಯ್ದವಳು ನಾನು. ಮೂವರಿಗೂ ಅದು ಗೊತ್ತಿತ್ತು. ಭಾವ ನನ್ನ ಮುಖ ನೋಡಿದರು, ತಮ್ಮನ ಭುಜ ಮುಟ್ಟಿದರು, ದಿಂಬನ್ನು ಇಲ್ಲೇ ಇಳಿಸಿ ಹೋದರು. ಜೀಪು ಹಾಸನದ ರಸ್ತೆಗೆ ತಿರುಗಿದ ಮೇಲೂ ನಮ್ಮವರು ಗೇಟಿನಲ್ಲಿ ನಿಂತೇ ಇದ್ದರು. ನಾನು ಕರೆಯಲಿಲ್ಲ.

ಮುಂದೆ ಅರಕಲಗೂಡಿಗೆ, ಆಮೇಲೆ ಚನ್ನರಾಯಪಟ್ಟಣಕ್ಕೆ ವರ್ಗವಾಯಿತು. ಹೋದಲ್ಲೆಲ್ಲ ಡಬರಿ ಬಂತು, ಅವರೂ ಬಂದರು. ಚನ್ನರಾಯಪಟ್ಟಣದಲ್ಲಿ ಅಂಗಡಿ ಮತ್ತೆ ತೆರೆದರು, ಶ್ರವಣಬೆಳಗೊಳದ ಲಾಡ್ಜುಗಳ ಪಂಪು ಕೆಟ್ಟರೆ ಅವರನ್ನೇ ಕರೆಯುತ್ತಿದ್ದರು. ಮಾತಿನ ಕೊನೆಗೆ "ಕಣಪ್ಪ" ಎನ್ನಲು ಕಲಿತರು. ಮುದ್ದೆಯನ್ನು ಮಾತ್ರ ಕೊನೆಯವರೆಗೂ ಅಗಿದೇ ತಿಂದರು. ವರ್ಷಕ್ಕೊಮ್ಮೆ ಮಲ್ಪೆಗೆ ಹೋದರೆ ನಾಲ್ಕನೆಯ ದಿನಕ್ಕೆ ಹೊರಡಿಸುತ್ತಿದ್ದವಳು ನಾನು. ಅವರು ಎದುರಾಡುತ್ತಿರಲಿಲ್ಲ, ಬಸ್ಸಿನಲ್ಲಿ ಸಮುದ್ರ ಕಾಣುವ ಬದಿಯ ಸೀಟು ಹಿಡಿಯುತ್ತಿದ್ದರು.

ಹೀಗೆ ವರ್ಷಗಳು ಸಿಕ್ಕಿದವು, ವೈದ್ಯರು ಹೇಳಿದ್ದಕ್ಕಿಂತ ಹೆಚ್ಚು. ನಾನು ನಿವೃತ್ತಳಾಗುವ ಮೊದಲೇ ಅವರು ನಿದ್ದೆಯಲ್ಲಿ ಹೋದರು. ಅಷ್ಟು ದೂರ ಒಯ್ಯುವುದು ಬೇಡ ಎಂದು ಭಾವನೇ ಹೇಳಿದ್ದರಿಂದ ಹೊಳೆನರಸೀಪುರಕ್ಕೆ ತಂದು ಹೇಮಾವತಿಯ ದಡದಲ್ಲೇ ಎಲ್ಲ ಮಾಡಿದೆವು.

ನಿವೃತ್ತಳಾದ ಮೇಲೆ ನಾನು ಮತ್ತೆ ಹೊಳೆನರಸೀಪುರದಲ್ಲೇ ಇದ್ದೇನೆ. ಈಗ ಭಾವನ ಮಗ ಫೋನಿನಲ್ಲಿ ಮತ್ತೆ ಮತ್ತೆ ಕೇಳುತ್ತಾನೆ, ಮಹಡಿಯ ಕೋಣೆಗೆ ಸುಣ್ಣ ಬಳಿಸಿದ್ದೇನೆ ಚಿಕ್ಕಮ್ಮ, ಸಮುದ್ರದ ಗಾಳಿ ಬರುತ್ತದೆ, ಅಲ್ಲಿ ಯಾರಿದ್ದಾರೆಂದು ಕೂತಿದ್ದೀರಿ. ಅವನು ಕೇಳುವುದರಲ್ಲಿ ತಪ್ಪಿಲ್ಲ. ನನಗೂ ಆ ಗಾಳಿ ಬೇಕು. ಆದರೆ ಹೋಗಲು ಹೊರಟಿದ್ದವರನ್ನು ಒಂದು ತಟ್ಟೆ ಊಟ ಹಾಕಿ ಇಲ್ಲಿ ನಿಲ್ಲಿಸಿಕೊಂಡವಳು ನಾನು. ಅವರನ್ನು ಇಲ್ಲಿ ಬಿಟ್ಟು ನಾನೊಬ್ಬಳೇ ಮಲ್ಪೆಯ ಬಸ್ಸು ಹತ್ತುವುದು ಹೇಗೆ?