ಕಿವಿಯ ಹಿಂದಿನ ಮಸಿ

ಪಖೊಕ್ಕು ಊರಿನ ನಮ್ಮ ಬೀದಿಯಲ್ಲಿ ಓನ್ ಸೇನ್ ಅಕ್ಕನ ಅಂಗಡಿಯಿಂದ ಕಾದಂಬರಿ ಬಾಡಿಗೆಗೆ ತಾರದ ಹೆಂಗಸಿರಲಿಲ್ಲ. ಮೂರು ಜನ್ಮ ಕಾದು ಒಂದಾಗುವ ಪ್ರೇಮಿಗಳ ದಪ್ಪ ಕಾದಂಬರಿಯೊಂದಿತ್ತು. ಅದರ ಕೊನೆಯ ಪುಟಗಳು ನಮ್ಮೆಲ್ಲರ ಕಣ್ಣೀರು ಕುಡಿದು ಉಬ್ಬಿದ್ದವು. ನಾನು ಎದುರು ಮನೆಯವಳು, ಚುಟ್ಟಾ ಸುತ್ತಿ ಮಾರುವವಳು. ಓದುವಾಗ ಅತ್ತು, ವಾಪಸು ಕೊಡುವಾಗ ಗೇಲಿ ಮಾಡುತ್ತಿದ್ದೆ.

"ಅಕ್ಕಾ, ಈ ನಾಯಕನಿಗೆ ಬೇರೆ ಕೆಲಸ ಇಲ್ವಾ? ಪ್ರತಿ ಜನ್ಮದಲ್ಲೂ ಅದೇ ಹೆಣ್ಣಿನ ಹಿಂದೆ ಸುತ್ತೋದು!"

"ನಿನ್ನ ಹಿಂದೆ ಒಂದು ಜನ್ಮಕ್ಕೂ ಯಾರೂ ಸುತ್ತಿಲ್ಲ ಅಂತ ಹೊಟ್ಟೆಕಿಚ್ಚು ಕಣೇ ಟಿನ್ ಮೇ ನಿಂಗೆ."

ಅವಳು ತಮಾಷೆಗೆ ಅಂದದ್ದು. ನನಗೆ ಮಾತ್ರ ಅದು ನಾಟುತ್ತಿತ್ತು. ಅವಳ ಗಂಡ ತುನ್ ವಾಯ್ ಮೇಲೆ ನನಗೆ ಮನಸ್ಸಿತ್ತು. ತಾಳೆಮರ ಹತ್ತಿ ಕಳ್ಳು ಇಳಿಸುವವನು. ಸಂಜೆ ಬಂದು ಎರಡು ಚುಟ್ಟಾ ಕೊಳ್ಳುತ್ತಿದ್ದ, ಹೋಗುತ್ತಿದ್ದ. ನನ್ನ ಮುಖವನ್ನು ಒಮ್ಮೆಯಾದರೂ ಸರಿಯಾಗಿ ನೋಡಿದ್ದನೋ ಇಲ್ಲವೋ. ನಾನು ಮದುವೆಯಾಗಲಿಲ್ಲ.

ಒಂದು ಬೇಸಿಗೆಯಲ್ಲಿ ಅವನು ಮರದಿಂದ ಬಿದ್ದು ಸತ್ತ. ನಮ್ಮಲ್ಲಿ ತೀರಿಕೊಂಡವರ ಮೈಮೇಲೆ ಮನೆಯವರು ಗಡಿಗೆಯ ಮಸಿಯಿಂದ ಒಂದು ಗುರುತು ಇಡುತ್ತಾರೆ. ಮುಂದೆ ಹುಟ್ಟುವ ಯಾವುದಾದರೂ ಕೂಸಿಗೆ ಅದೇ ಜಾಗದಲ್ಲಿ ಮಚ್ಚೆ ಕಂಡರೆ, ಬಂದವರು ಯಾರೆಂದು ತಿಳಿಯುತ್ತದೆ. ಅಕ್ಕ ಅವನ ಎಡಗಿವಿಯ ಹಿಂದೆ ಮಸಿ ಒತ್ತಿದಳು. "ಬೇಗ ಬನ್ನಿ. ದೂರ ಹೋಗ್ಬೇಡಿ" ಎಂದು ಆ ಕಿವಿಯಲ್ಲೇ ಹೇಳಿದಳು. ಆಮೇಲೆ ಭಿಕ್ಕುಗಳು ಬಂದರೆಂದು ಹೊರಗೆ ಹೋದಳು.

ಒಳಗೆ ಹೆಣ ಮತ್ತು ನಾನು. ನಾನು ಒದ್ದೆ ಬಟ್ಟೆ ತೆಗೆದುಕೊಂಡು ಅವನ ಕಿವಿಯ ಹಿಂದೆ ಒರೆಸಿದೆ. ಚೆನ್ನಾಗಿ, ಎರಡು ಸಲ. ಅದೇ ಗಡಿಗೆಯ ಮಸಿಗೆ ಹೆಬ್ಬೆರಳು ಅದ್ದಿ ಅವನ ಬಲಗಾಲಿನ ಹರಡಿಗೆ ಒತ್ತಿದೆ. ಬಾಯಿಬಿಟ್ಟು ಏನೂ ಹೇಳಲಿಲ್ಲ. ಈ ಜನ್ಮ ಅವಳದಾಯಿತು, ಮುಂದಿನದಾದರೂ ನನಗಿರಲಿ ಎಂದುಕೊಂಡೆ, ಅಷ್ಟೇ. ಅಷ್ಟೇ ಎನ್ನಲು ಈಗ ನಾಲಿಗೆ ಹೊರಳುವುದಿಲ್ಲ.

ಎರಡು ವರ್ಷದೊಳಗೆ ಹಿಂದಿನ ಓಣಿಯ ಯಿನ್ ಮಾರ್ ಬಸುರಿಯಾದಳು. ತುನ್ ವಾಯ್ ಕಳ್ಳಿನ ಗಡಿಗೆ ಹಿಡಿದು ಬಾಗಿಲಲ್ಲಿ ನಿಂತು "ಇಲ್ಲಿ ಇರಲಾ?" ಎಂದು ಕೇಳಿದ ಹಾಗೆ ಅವಳಿಗೆ ಕನಸು ಬಿದ್ದಿತ್ತು. ಹೆಣ್ಣು ಹುಟ್ಟಿತು. ಅಕ್ಕ ಚಪ್ಪಲಿಯನ್ನೂ ಮೆಟ್ಟದೆ ಓಡಿದಳು, ಹಿಂದೆ ನಾನು. ಕೂಸಿನ ಎಡಗಿವಿ ಮಡಿಸಿ ನೋಡಿದಳು. ಏನೂ ಇರಲಿಲ್ಲ.

"ಇವರಲ್ಲ."

"ಇಲ್ಲೊಂದಿದೆ ನೋಡಕ್ಕ" ಎಂದು ಯಿನ್ ಮಾರ್ ಮಗುವಿನ ಬಲಗಾಲು ಎತ್ತಿದಳು. ಹರಡಿನ ಮೇಲೆ ಹೆಬ್ಬೆರಳಿನಷ್ಟಗಲ ಕಪ್ಪು ಮಚ್ಚೆ.

"ಅಲ್ಲಿ ನಾನು ಇಟ್ಟಿಲ್ಲ" ಎಂದು ಅಕ್ಕ ಎದ್ದಳು. ನಾನು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಚಿಕೊಂಡೆ.

ಆ ಮಗು ತಿಂಜಾ. ಮೂರು ವರ್ಷಕ್ಕೆ ಒಂದು ಮಧ್ಯಾಹ್ನ ಒಬ್ಬಳೇ ಓಣಿ ದಾಟಿ ಪುಸ್ತಕದಂಗಡಿಗೆ ಬಂದು, ಬಾಗಿಲ ಪಕ್ಕದ ಮಣೆ ಮೇಲೆ ಕೂತು, "ಓನ್, ನೀರು ಕೊಡು" ಅಂದಿತು. ಅವಳನ್ನು ಬರೀ ಓನ್ ಎಂದು ಕರೆಯುತ್ತಿದ್ದವನು ಒಬ್ಬನೇ. ಅಕ್ಕ ಎದ್ದು ಬಂದಳು. ಮತ್ತೊಮ್ಮೆ ಕಿವಿ ಮಡಿಸಿ ನೋಡಿದಳು. ನಂತರ ಮಗುವಿನ ರಟ್ಟೆ ಹಿಡಿದು ತಾಯಿಯ ಬಳಿಗೆ ಎಳೆದೊಯ್ದಳು.

"ಯಾರೇ ಇದಕ್ಕೆ ಹೇಳ್ಕೊಟ್ಟಿದ್ದು? ನನ್ನ ಸಂಕಟ ನಿಮಗೆ ಆಟಾನಾ?"

"ದೇವರಾಣೆ ಯಾರೂ ಹೇಳ್ಕೊಟ್ಟಿಲ್ಲ ಅಕ್ಕ."

ಮರುದಿನವೂ ಮಗು ಬಂತು. ಅದರ ಮರುದಿನವೂ. ಬರುವಾಗ ತಾಳೆಮರದ ಕೆಳಗೆ ಬರುತ್ತಿರಲಿಲ್ಲ, ಕೆರೆ ಸುತ್ತಿಕೊಂಡು ಬರುತ್ತಿತ್ತು. "ದೊಡ್ಡವರನ್ನ ಹೆಸರು ಹಿಡಿದು ಕರೀತೀಯಾ? ನಡಿ ಮನೆಗೆ!" ಎಂದು ಅಕ್ಕ ಅಟ್ಟುತ್ತಿದ್ದಳು. ಮಗು ರಸ್ತೆಯಾಚೆ ನಿಂತು ಬಿಕ್ಕಿ ಬಿಕ್ಕಿ ಅಳುತ್ತಿತ್ತು. ನಾನು ಜಗಲಿಯಿಂದ ತಾಳೆಬೆಲ್ಲ ತೋರಿಸಿ ಕರೆಯುತ್ತಿದ್ದೆ. ಬೆಲ್ಲ ಇಸಿದುಕೊಂಡು ಮತ್ತೆ ಅವಳ ಬಾಗಿಲಿಗೇ ಹೋಗಿ ನಿಲ್ಲುತ್ತಿತ್ತು. ನನ್ನ ಗುರುತು ಹೊತ್ತು ಬಂದಿತ್ತು, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಆಗಲಾದರೂ ಬಾಯಿಬಿಡಬಹುದಿತ್ತು. ಬಿಡಲಿಲ್ಲ. ಏಳು ವರ್ಷ ತುಂಬುವಷ್ಟರಲ್ಲಿ ಎಲ್ಲ ಮಕ್ಕಳ ಹಾಗೆ ತಿಂಜಾ ಅದನ್ನೆಲ್ಲ ಮರೆತಳು.

ಅಕ್ಕ ಮಾತ್ರ ಕಾದಳು. ಊರಲ್ಲಿ ಯಾರೇ ಹೆತ್ತರೂ ಹೋಗಿ ಕೂಸಿನ ಕಿವಿ ಮಡಿಸುತ್ತಿದ್ದಳು. ಹೆಂಗಸರು ಬೆನ್ನ ಹಿಂದೆ "ಕಿವಿ ಅಜ್ಜಿ ಬಂದಳು" ಎಂದು ನಗುತ್ತಿದ್ದರು. ಹೆಂಡತಿ ಸತ್ತ ಮೇಷ್ಟ್ರೊಬ್ಬರು ಮದುವೆಗೆ ಕೇಳಿದರೆ, "ಅವರು ಬಂದ್ರೆ ಏನು ಹೇಳ್ಲಿ?" ಎಂದು ಕಳಿಸಿಬಿಟ್ಟಳು. ಬಾಡಿಗೆ ಪುಸ್ತಕ ಓದುವವರು ಕಡಿಮೆಯಾದರು. ಹೊಟ್ಟೆಯೊಳಗಿನ ಗೆಡ್ಡೆ ಅವಳನ್ನು ಹಾಸಿಗೆ ಹಿಡಿಸಿತು.

ಕೊನೆಯ ವಾರ ಗಂಜಿ ಕುಡಿಸುತ್ತಿದ್ದೆ. "ಟಿನ್ ಮೇ, ನನಗೂ ಎಡಗಿವಿ ಹಿಂದೇನೇ ಮಸಿ ಇಡು. ನಿನ್ನ ಕೈಯಿಂದಲೇ ಇಡು. ಅವರು ಇನ್ನೂ ಎಲ್ಲೋ ಹುಡುಕ್ತಾ ಇದಾರೆ, ಪಾಪ" ಎಂದಳು.

ಗಂಜಿ ಬಟ್ಟಲು ಕೆಳಗಿಟ್ಟು ಎಲ್ಲ ಹೇಳಿದೆ. ಒದ್ದೆ ಬಟ್ಟೆ, ಹರಡು, ಹೆಬ್ಬೆರಳು, ಎಲ್ಲ. ಅವಳು ಉಗಿಯುತ್ತಾಳೆಂದು ಕಾದೆ. ಉಗಿದಿದ್ದರೆ ನನಗೆ ಒಳ್ಳೆಯದಿತ್ತು. ಅವಳು ತನ್ನ ಎಡಗಿವಿ ಮುಟ್ಟಿ ನೋಡಿಕೊಂಡಳು.

"ಅವಳನ್ನ ಕರ್ಕೊಂಡ್ ಬಾ."

ತಿಂಜಾಗೆ ಆಗ ಹತ್ತೊಂಬತ್ತು, ಮದುವೆ ಗೊತ್ತಾಗಿತ್ತು. ಕೆನ್ನೆಗೆ ತನಾಖಾ ತೊಗಟೆಯ ಗಂಧ ಹಚ್ಚಿಕೊಂಡು ಬಂದು ಹಾಸಿಗೆಯ ಪಕ್ಕ ಕೂತಳು. ಅಕ್ಕ ಅವಳ ಕೈ ಹಿಡಿದುಕೊಂಡಳು.

"ಒಂದ್ಸಲ ನನ್ನ ಓನ್ ಅಂತ ಕರಿ."

ಹುಡುಗಿ ಸಂಕೋಚದಿಂದ ನನ್ನ ಮುಖ ನೋಡಿದಳು.

"ಅಯ್ಯೋ ಅಜ್ಜಿ, ದೊಡ್ಡವರನ್ನ ಹಾಗೆಲ್ಲ ಹೆಸರು ಹಿಡಿದು ಕರೀತಾರಾ? ಚಿಕ್ಕವಳಿದ್ದಾಗ ನೀವೇ ಅಲ್ವಂತೆ, ನನಗೆ ಬೈದು ಬೈದು ಅದನ್ನ ಬಿಡ್ಸಿದ್ದು. ಅಮ್ಮ ಹೇಳ್ತಿರ್ತಾಳೆ."

"ಹೌದು ಮಗಳೇ, ನಾನೇ ಬಿಡ್ಸಿದ್ದು" ಎಂದು ಓನ್ ಸೇನ್ ಅಕ್ಕ ಅವಳ ಕೈ ಬಿಟ್ಟಳು.