ಹಿಂದಿನ ಕೋಣೆಯ ನೆಲ

ರೋಣದ ನಮ್ಮ ಮನೆಯ ಹಳೆಯ ಶಹಾಬಾದ್ ಕಲ್ಲು ಕೀಳಿಸಿ ಟೈಲ್ಸ್ ಹಾಕಿಸುವುದೆಂದು ಹೋದ ಬೇಸಿಗೆಯಲ್ಲಿ ನಿರ್ಧಾರವಾಯಿತು. ಮನೆಯಲ್ಲಿದ್ದವರು ಮೂವರೇ: ನಾನು, ನನ್ನ ಗಂಡ, ಗಂಡನ ತೀರಿಹೋದ ಅಣ್ಣನ ಹೆಂಡತಿ. ಅವರನ್ನು ನಾನು ಅಕ್ಕ ಎನ್ನುತ್ತಿದ್ದೆ. ಹಿಂದಿನ ಕೋಣೆ ಅವರದು.

ಗಜೇಂದ್ರಗಡದ ಅಂಗಡಿಗೆ ಮೂವರೂ ಹೋದೆವು. ಅಕ್ಕ ಜೋಳದ ಬಣ್ಣದ ಒಂದು ಟೈಲ್ಸಿನ ಮೇಲೆ ಅಂಗೈ ಆಡಿಸಿ, "ಇದ ಚಲೋ ಐತಿ ನೋಡವಾ, ಹೊಲಸ ಕಾಣಂಗಿಲ್ಲ" ಎಂದರು.

ನಾನು ಅವರಿಗೆ ಕೇಳಿಸುವಂತೆಯೇ ಅಂಗಡಿಯವನಿಗೆ, "ಅವರಿಗೇನ್ ತಿಳೀತೈತ್ರಿ, ನೀವು ಬಿಳೇವ ತೋರಸ್ರಿ" ಎಂದೆ. ಅಕ್ಕ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

ಕೆಲಸ ಎಂಟು ದಿನ ನಡೆಯಿತು. ಗಾರೆಕೆಲಸದ ಗೌಂಡಿಗೆ ಚಹಾ ಮಾಡಿದವರು, ಉಸುಕು ಸೋಸಿದವರು, ಕುಕ್ಕರುಗಾಲಲ್ಲಿ ಕುಳಿತು ಟೈಲ್ಸಿನ ಸಂದಿಗಳನ್ನು ಒರೆಸಿದವರು ಅಕ್ಕನೇ. ಪಡಸಾಲೆ, ಅಡುಗೆಮನೆ, ನಮ್ಮ ಕೋಣೆ ಮುಗಿದವು. ಎಂಟನೆಯ ದಿನ ಬೆಳಿಗ್ಗೆ ನೋಡಿದರೆ ಅಕ್ಕ ಯಾರೂ ಹೇಳದೆಯೇ ತಮ್ಮ ಟ್ರಂಕು, ಹಾಸಿಗೆ ಹೊರಗಿಟ್ಟು ಕೋಣೆ ಗುಡಿಸಿದ್ದರು.

"ಅಕ್ಕಾರ ಖೋಲಿಗೂ ಸಾಲ್ತಾವ್ರಿ, ಇನ್ನೂ ಆರ ಡಬ್ಬಿ ಅದಾವ" ಎಂದ ಗೌಂಡಿ.

"ಅದು ಹಂಗ ಇರ್ಲಿ. ಉಳದದ್ದು ಬಾಗಲಾಗ ಗಾಡಿ ನಿಲ್ಲಸೋ ಕಡೆ ಹಾಕ್ರಿ" ಎಂದೆ ನಾನು.

"ಗಾಡಿ ಕೆಳಗ ಇಂಥಾ ಟೈಲ್ಸ ಯಾರೂ ಹಾಕಸಂಗಿಲ್ರಿ. ಒಡೀತಾವ."

"ಒಡದ್ರ ಒಡೀಲಿ."

ಗೌಂಡಿ ನನ್ನ ಗಂಡನ ಮುಖ ನೋಡಿದ. ಗಂಡ ಮೊಬೈಲು ನೋಡುತ್ತಿದ್ದರು. ಅಕ್ಕ ಟ್ರಂಕನ್ನು ಒಬ್ಬರೇ ಎಳೆದುಕೊಂಡು ಒಳಗೆ ಹೋದರು.

ಅವರು ನನಗೆ ಯಾವ ಕೆಡುಕನ್ನೂ ಮಾಡಿದವರಲ್ಲ. ಆ ಕೋಣೆಗೂ ಇದೇ ನೆಲ ಬಂದರೆ ಮನೆ ಅವರದೂ ಆಗಿಬಿಡುತ್ತದೆ ಅನ್ನಿಸಿತ್ತು, ಅಷ್ಟೆ.

ಕೆಲಸ ಮುಗಿದ ಮೇಲೆ ಪೂಜೆ ಇಟ್ಟುಕೊಂಡೆವು. ಊಟಕ್ಕೆ ಬಂದಿದ್ದ ನನ್ನ ಚಿಗವ್ವ ಮನೆಯೆಲ್ಲ ತಿರುಗಿ ನೋಡಿ, ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತಳು. "ಇಲ್ಲ್ಯಾಕ ಹಾಕ್ಸಿಲ್ಲ?"

ನಾನು ಬಾಯಿ ತೆರೆಯುವ ಮೊದಲೇ ಅಕ್ಕ, "ನಾನ ಬ್ಯಾಡಂದ್ನಿರಿ. ತಣ್ಣಗಾಗಿ ಕಾಲ ಸೆಳೀತಾವ" ಎಂದರು.

ನಾನು ಸುಮ್ಮನಿರಬಹುದಿತ್ತು. "ಹೌದ ಚಿಗವ್ವ, ಎಷ್ಟ ಹೇಳಿದ್ರೂ ಕೇಳಲಿಲ್ಲ ನೋಡು" ಎಂದೆ.

ಊಟಕ್ಕೆ ಕುಳಿತಾಗ ಚಿಗವ್ವ ಅಕ್ಕನ ಹಟವನ್ನು ಎಲ್ಲರೆದುರು ಆಡಿಕೊಂಡಿದ್ದೇ ಆಡಿಕೊಂಡಿದ್ದು. ಅಕ್ಕ ಹೂಂ ಹೂಂ ಎನ್ನುತ್ತ ಅವಳ ಎಲೆಗೆ ಇನ್ನೊಂದು ಹೋಳಿಗೆ ಹಾಕಿದರು. ಮೇಲೆ ತುಪ್ಪ ಬಡಿಸಿದವಳು ನಾನು.