ನೀರಿನ ಮುಂದೆ ಒಂದು ಸೈಕಲ್

ಆಗಿನ್ನೂ ನಮ್ಮ ಕಡೆ ಕಾಲುವೆಗೆ ನೀರು ಬಿಟ್ಟ ಸುದ್ದಿ ಫೋನಿನಲ್ಲಿ ಬರುತ್ತಿರಲಿಲ್ಲ. ಸೈಕಲ್ ಮೇಲೆ ಬರುತ್ತಿತ್ತು. ಆ ಸುದ್ದಿ ಒಯ್ಯುವವರು ಮಲಪನಗುಡಿಯ ಮಕ್ಕಳಾದ ನಾವು.

ಬೇಸಿಗೆಯಲ್ಲಿ ಹೂಳು ತೆಗೆಯಲೆಂದು ಕೆಲವು ವಾರ ಕಾಲುವೆ ಬಂದ್ ಮಾಡುತ್ತಿದ್ದರು. ಅಷ್ಟು ದಿನ ಒಣಗಿದ ಕಾಲುವೆಯೇ ಜನರಿಗೆ ಅಂಗಳವಾಗಿಬಿಡುತ್ತಿತ್ತು. ಅಲ್ಲೇ ಎಮ್ಮೆ ಕಟ್ಟುವುದು, ಅಲ್ಲೇ ಮೆಣಸಿನಕಾಯಿ ಒಣಹಾಕುವುದು, ಸೇತುವೆಯ ನೆರಳಲ್ಲಿ ಮಧ್ಯಾಹ್ನದ ನಿದ್ದೆ. ಹಾಗಾಗಿ ಮತ್ತೆ ನೀರು ಬಿಟ್ಟ ದಿನ ಯಾರಾದರೂ ಮುಂದೆ ಹೋಗಿ ಹೇಳಬೇಕಿತ್ತು. ಗದ್ದೆಗಳಿಗೆ ನೀರು ಹಂಚುವ ನೀರುಗಂಟಿ ಹನುಮಂತಪ್ಪ ತಾತ ಒಂದು ಸೈಕಲ್ಲಿನ ಹ್ಯಾಂಡಲ್ಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದ. ಆ ಸೈಕಲ್ ದಂಡೆಯ ಗರಸು ದಾರಿಯಲ್ಲಿ, ನೀರಿಗಿಂತ ಮುಂದೆ, ಗಂಟೆ ಬಾರಿಸುತ್ತ ಕಮಲಾಪುರ ಮುಟ್ಟಬೇಕು. ದಾರಿಯುದ್ದಕ್ಕೂ ಹೆಂಗಸರು ಅರಿಶಿನ ಕುಂಕುಮ ಹಿಡಿದು ನೀರನ್ನು ಎದುರುಗೊಳ್ಳಲು ಬರುತ್ತಿದ್ದರು. ಸುದ್ದಿ ತಂದವರ ಮಡಿಲಿಗೆ ಮಂಡಕ್ಕಿ ಒಗ್ಗರಣೆ, ಕೈಗೆ ಬಿಸಿ ಮಿರ್ಚಿ ಬಜ್ಜಿ. ಆ ಮಿರ್ಚಿಯ ಆಸೆಗೆ ಊರಿನ ಹುಡುಗರು ಹೊಡೆದಾಡಿಕೊಳ್ಳುತ್ತಿದ್ದರು.

ಒಣಗಿದ ಕಾಲುವೆಯಲ್ಲಿ ಮೊದಲ ನೀರು ತುಂಬು ಬಸುರಿಯ ಹಾಗೆ ನಡೆಯುತ್ತದೆ. ಒಣ ಎಲೆ, ನೊರೆ, ಇರುವೆಗಳನ್ನು ಮುಂದೆ ದೂಡಿಕೊಂಡು, ಪ್ರತಿ ಗುಂಡಿಯಲ್ಲೂ ಕೂತು ಎದ್ದು ಬರುತ್ತದೆ. ಅದರ ನಡಿಗೆ ನಮಗೆಲ್ಲ ಬಾಯಿಪಾಠವಾಗಿತ್ತು. ನೀರಿನ ಮೂತಿ ನೋಡಿದರೆ ಸಾಕು, ಅದು ಮುಂದಿನ ಊರಿಗೆ ಯಾವಾಗ ಮುಟ್ಟುತ್ತದೆಂದು ಮೂಗು ಸುರಿಸುವ ಮಕ್ಕಳೂ ಹೇಳುತ್ತಿದ್ದರು. ಅದರಲ್ಲಿ ನಮ್ಮ ದೊಡ್ಡಪ್ಪನ ಮಗಳು ವನಜಕ್ಕನನ್ನು ಮೀರಿಸಿದವರಿಲ್ಲ. ನೀರಿಗೆ ಬೆರಳು ಅದ್ದಿ, "ಗುಡಿ ಹತ್ರ ಹೋಗಾಕ ನಿಮ್ಮವ್ವ ಒಂದು ಅನ್ನ ಬಸಿಯೋ ಹೊತ್ತು" ಅನ್ನುತ್ತಿದ್ದಳು. ಹಾಗೇ ಆಗುತ್ತಿತ್ತು.

ನಾನು ಹೇಳುತ್ತಿರುವುದು ಸಂಡೂರಿನ ಗುಡ್ಡಗಳು ಲಾರಿ ಹತ್ತಿ ಹೋಗುತ್ತಿದ್ದ ವರ್ಷಗಳ ಮಾತು. ಹೊಸಪೇಟೆಯ ರಸ್ತೆಗಳಲ್ಲಿ ಅದಿರಿನ ಲಾರಿಗಳು ಒಂದರ ಹಿಂದೆ ಒಂದು ನಿಂತುಬಿಡುತ್ತಿದ್ದವು. ಅದಿರಿನ ಧೂಳಿಗೆ, ಒಗೆದು ಹಾಕಿದ ಬಿಳಿ ಪಂಚೆ ಸಂಜೆಗೆ ಕೆಂಪು. ಮೊಸರಿನ ಕೆನೆ ಮೇಲೂ ಕೆಂಪು. ಗದ್ದೆಗಿಳಿದ ಬೆಳ್ಳಕ್ಕಿಗಳ ಬೆನ್ನು ಕೂಡ ಕೆಂಪಾಗಿದ್ದನ್ನು ಕಂಡು ನಾವು ನಗುತ್ತಿದ್ದೆವು, ಆದರೆ ನಮ್ಮವ್ವ ನಗುತ್ತಿರಲಿಲ್ಲ. ಆ ಬೇಸಿಗೆಯಲ್ಲಿ, ದೊಡ್ಡ ರಸ್ತೆಯಲ್ಲಿ ಜಾಗ ಸಾಲದೆ, ಲಾರಿಗಳು ನಮ್ಮ ಕಾಲುವೆಯ ದಂಡೆಗೂ ಬಂದವು. ಬಾಳೆ ತೋಟಕ್ಕೆ ಹೋಗುವ ಎತ್ತಿನ ಗಾಡಿಗಳು ಅಂಚಿಗೆ ಸರಿದು ನಿಲ್ಲಬೇಕಾಯಿತು.

ವನಜಕ್ಕ ಆಗ ತಾನೇ ಹತ್ತನೇ ಕ್ಲಾಸು ಪಾಸಾಗಿದ್ದಳು. ಹೊಸಪೇಟೆಯ ಕಾಲೇಜಿಗೆ ಸೈಕಲ್ಲಿನಲ್ಲಿ ಹೋಗಿ ಬರುತ್ತೇನೆಂದು ಹಟ ಹಿಡಿದಿದ್ದಳು. ದೊಡ್ಡಪ್ಪನಿಗೆ ಮಗಳು ಓದುವುದು ಬೇಡವೆಂದೇನೂ ಇರಲಿಲ್ಲ, ಲಾರಿಗಳ ಭಯವಿತ್ತು. ಊಟದ ತಟ್ಟೆ ಮುಂದೆ ಒಂದು ದಿನ ಹೇಳಿಬಿಟ್ಟ.

"ಈ ಸಲ ನೀರಿನ ಸೈಕಲ್ ನೀನ ತಗೊಂಡು ಹೋಗು. ದಂಡಿ ಮ್ಯಾಲೂ ಈಗ ಲಾರಿ ಅದಾವು. ನೀರಿಗಿಂತ ಮುಂದ ಕಮಲಾಪುರ ಮುಟ್ಟಿ ಬಂದಿ ಅಂದ್ರ, ಕಾಲೇಜಿಗೆ ಹೋಗು. ನಾ ಒಲ್ಲೆ ಅನ್ನಂಗಿಲ್ಲ."

"ಮಾತು ಮಾತೇ ಹೌದಿಲ್ರಿ ಅಪ್ಪಾ?"

"ಮಾತು ಮಾತೇ."

ವನಜಕ್ಕನ ಮುಖ ಅರಳಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಆ ರಾತ್ರಿ ಇಬ್ಬರೂ ಸೇರಿ ಸೈಕಲ್ಲಿನ ಚೈನಿಗೆ ಕೊಬ್ಬರಿ ಎಣ್ಣೆ ಬಿಟ್ಟೆವು. ಅದು ದೊಡ್ಡಪ್ಪನದೇ ಹಳೆಯ ಗಂಡಸರ ಸೈಕಲ್. ಅವಳು ಒಳಪೆಡಲ್ ತುಳಿದು ಕಲಿತದ್ದೂ ಅದರ ಮೇಲೆಯೇ.

ನೀರು ಬಿಟ್ಟ ಬೆಳಗ್ಗೆ ಬಿಸಿಲೇ ಇರಲಿಲ್ಲ, ಧೂಳೇ ಮೋಡದಂತೆ ಕವಿದಿತ್ತು. ಹನುಮಂತಪ್ಪ ತಾತ ಬೇವಿನ ಸೊಪ್ಪು ಕಟ್ಟುತ್ತಾ ಯಾಕೋ ತಡ ಮಾಡಿದ. "ಈ ಸಲ ಕಾಲುವಿ ಒಳಗ ಏನೇನು ಬಿದ್ದೈತೋ ನಾನೂ ಪೂರ್ತಿ ನೋಡಿಲ್ಲವ್ವ. ದಂಡಿ ಬಿಟ್ಟು ಇಳಿಬ್ಯಾಡ್ರಿ" ಅಂದ. ನಾನು ಹಿಂದಿನ ಕ್ಯಾರಿಯರ್ ಮೇಲೆ ಹತ್ತಿದೆ. ಗರಸಿನ ಮೇಲೆ ಗಾಲಿ ಕರಕರ ಅಂದಿತು, ಹೊರಟೆವು.

ಮೊದಲ ಅರ್ಧ ದಾರಿ ಚೆನ್ನಾಗಿಯೇ ಇತ್ತು. ಒಂದು ಕಡೆ ಕಬ್ಬು, ಇನ್ನೊಂದು ಕಡೆ ಜೊಂಡು ಬೆಳೆದ ಜವಳು ನೆಲ, ಅದರ ನಡುವೆ ಮೊಣಕಾಲವರೆಗೆ ಕೆಸರಲ್ಲಿ ಹೂತ ಹಳೆಯ ಕಲ್ಲಿನ ಮಂಟಪ. ಪ್ರತಿ ಸಲ ಆ ಮಂಟಪ ಬಂದಾಗ ಕಪ್ಪೆಗಳು ವಟಗುಟ್ಟುತ್ತಿದ್ದವು. ಅವತ್ತು ಒಂದೂ ಸದ್ದಿಲ್ಲ. 

ಮಂಟಪ ದಾಟಿದ ಮೇಲೆ ಒಂದು ಕಡೆ ಕಾಲುವೆಗೆ ಅಡ್ಡಲಾಗಿ ಕೆಂಪು ಮಣ್ಣು ಸುರಿದಿದ್ದರು. ನೀರಿಲ್ಲದಾಗ ಲಾರಿಗಳು ಆಚೆ ದಂಡೆಗೆ ದಾಟಲೆಂದು ಮಾಡಿಕೊಂಡ ದಾರಿ. ನೀರು ಬಿಡುವ ಮುಂಚೆ ತೆಗೆಯಬೇಕಿತ್ತು, ಯಾರೂ ತೆಗೆದಿರಲಿಲ್ಲ. ವನಜಕ್ಕ ಸೈಕಲ್ ನಿಲ್ಲಿಸಿ ಅದನ್ನೇ ನೋಡಿದಳು.

"ಚಲೋ ಆತು ಬಿಡು ಸುಮಿ. ನೀರು ಇಲ್ಲಿ ಬಂದು ನಿಂದರತೈತಿ. ನಮಗ ಇನ್ನೂ ಟೈಮ್ ಸಿಕ್ತು."

ನನಗೂ ಅದು ಸರಿ ಅನ್ನಿಸಿತು. ನೀರಿನ ಜೊತೆ ಬೆಳೆದವರು ನಾವು, ನೀರು ನಿಲ್ಲುವುದೆಂದರೆ ನಮಗೆ ನಿಧಾನ ಎಂದೇ ಅರ್ಥ.

ಸ್ವಲ್ಪ ಮುಂದೆ ಹೋದರೆ ದಂಡೆಯ ಮೇಲೆ ಲಾರಿಗಳ ಸಾಲು. ಒಂದರ ಗಾಲಿ ಅಂಚಿನಲ್ಲಿ ಕುಸಿದು, ಹಿಂದಿನವೆಲ್ಲ ನಿಂತಿದ್ದವು. ಸಣ್ಣ ಮಕ್ಕಳು ಅಡ್ಡಡ್ಡ ನುಸುಳಬಹುದಿತ್ತು, ಸೈಕಲ್ಲಿಗೆ ಜಾಗವಿರಲಿಲ್ಲ. ಡ್ರೈವರುಗಳು ಸುಮ್ಮನೆ ಹಾರನ್ ಒತ್ತುತ್ತಿದ್ದರು. ಮುಂದೆ ಕಣ್ಣಳತೆಯಲ್ಲೇ ಕೆಳಗಿನ ಹಳ್ಳಿ ಕಾಣುತ್ತಿತ್ತು, ಸೇತುವೆಯ ಹತ್ತಿರ ಬಣ್ಣಬಣ್ಣದ ಸೀರೆಗಳು. ನೀರು ಇವತ್ತೋ ನಾಳೆಯೋ ಎಂದು ನಮ್ಮ ಗಂಟೆಗೆ ಕಾಯುತ್ತಿದ್ದರು.

ವನಜಕ್ಕ ಹಿಂದೆ ನೋಡಿದಳು, ಮುಂದೆ ನೋಡಿದಳು. "ಇಲ್ಲೇ ನಿಂತ್ರ ನನ್ನ ಕಾಲೇಜು ಹೋತು" ಅಂದಳು. ಆಮೇಲೆ, "ನೀ ಲಾರಿ ಸಂದ್ಯಾಗ ನುಸುಳಿ ಬಾ. ನಾ ಕಾಲುವಿ ಒಳಗಿಂದ ಹೋಗ್ತೀನಿ. ಹೂಳು ತೆಗ್ದಾರ, ನೆಲ ಗಟ್ಟಿ ಐತಿ."

"ತಾತ ಬ್ಯಾಡ ಅಂದಾನಕ್ಕ."

"ಮಣ್ಣು ದಾಟಿ ನೀರು ಬರಾಕ ಇನ್ನೂ ಭಾಳ ಹೊತ್ತು ಬೇಕು. ನನಗ ಗೊತ್ತಿಲ್ಲೇನು?"

ಗೊತ್ತಿತ್ತು. ನಮ್ಮೂರಲ್ಲಿ ಅವಳಿಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿರಲಿಲ್ಲ. ಸೈಕಲ್ ಹೆಗಲಿಗೆ ಹಾಕಿಕೊಂಡು ಇಳಿದಳು, ಹತ್ತಿ ತುಳಿದಳು. ಬೇವಿನ ಸೊಪ್ಪು ಅಲುಗುತ್ತ ಹೋಗುವುದು ನನಗೆ ಮೇಲಿನಿಂದ ಕಾಣುತ್ತಿತ್ತು.

ನಾನು ಎರಡು ಲಾರಿ ದಾಟಿರಬೇಕು. ಹಿಂದಿನಿಂದ ಒಂದು ಸದ್ದು ಬಂತು. ಮೊದಲು ಅದೂ ಲಾರಿಯೇ ಅಂದುಕೊಂಡೆ. ತಿರುಗಿ ನೋಡಿದರೆ ಕಾಲುವೆಯ ತಿರುವಿನಲ್ಲಿ ನೀರು, ನೆಟ್ಟಗೆ ಎದ್ದು ನಿಂತ ನೀರು, ಕುಂಕುಮ ಕದಡಿದಂತೆ ಕೆಂಪು. ಮಣ್ಣಿನ ಹಿಂದೆ ತುಂಬಿ ತುಂಬಿ, ಒಮ್ಮೆಲೇ ಒಡೆದುಕೊಂಡು ಬಂದಿತ್ತು. ಅದು ನಡೆಯುತ್ತಿರಲಿಲ್ಲ, ಓಡುತ್ತಿತ್ತು. ನೀರು ಓಡುವುದನ್ನು ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ.

"ಅಕ್ಕಾ! ಮ್ಯಾಲೆ ಬಾ!" ಎಂದು ಕಿರುಚಿದೆ. ಹಾರನ್‌ಗಳ ನಡುವೆ ನನ್ನ ದನಿ ನನಗೇ ಕೇಳಲಿಲ್ಲ. ವನಜಕ್ಕ ಜೋರಾಗಿ ಗಂಟೆ ಬಾರಿಸುತ್ತ, ಸೇತುವೆಯ ಹೆಂಗಸರಿಗೆ ಒಂದು ಕೈ ಎತ್ತಿ ಬೀಸುತ್ತ ಹೋಗುತ್ತಿದ್ದಳು. ಗೆದ್ದೆ ಅಂದುಕೊಂಡಿದ್ದಳು. ಹೆಂಗಸರು ಅವಳ ಹಿಂದಿನದನ್ನು ನೋಡಿದರು. ಆರತಿ ತಟ್ಟೆಗಳು ಕೆಳಗೆ ಬಿದ್ದವು. ಆಗ ಅವಳು ತಿರುಗಿದಳು.

ಆ ಮೇಲಿನದು ನನಗೆ ತುಂಡು ತುಂಡಾಗಿ ನೆನಪಿದೆ. ಯಾರೋ ಒಬ್ಬಾಕೆ ಉಟ್ಟ ಸೀರೆಯನ್ನೇ ಬಿಚ್ಚಿ ಸೇತುವೆಯಿಂದ ಇಳಿಬಿಟ್ಟಳು. ನಾಲ್ಕಾರು ಜನ ಅದರ ತುದಿ ಹಿಡಿದರು. ಕೆಂಪು ನೀರಲ್ಲಿ ಒಮ್ಮೆ ಕೈ ಕಂಡಿತು, ಒಮ್ಮೆ ಜಡೆ ಕಂಡಿತು. ಎಳೆದು ಹಾಕಿದಾಗ ಮುಖ ಗುರುತೇ ಸಿಗಲಿಲ್ಲ, ಕಣ್ಣು ಬಾಯಿ ಎಲ್ಲ ಒಂದೇ ಬಣ್ಣ. ನಾನು ಸತ್ತೇಹೋದಳೆಂದು ಅತ್ತೆ. ಕೆಮ್ಮಿದಳು. ಬಾಯಿಂದ ಕೆಂಪು ನೀರು ಕಕ್ಕಿದಳು. ರಕ್ತವೋ ಮಣ್ಣೋ ತಿಳಿಯದೆ ಹೆಂಗಸರು ಅವಳನ್ನು ತಬ್ಬಿಕೊಂಡೇ ಕೂತರು. ಸೈಕಲ್ ಹೋಯಿತು.

ದೊಡ್ಡಪ್ಪ ಬೈಯಲಿಲ್ಲ. ಅವಳು ಎದ್ದು ಓಡಾಡುವಂತಾದ ಮೇಲೆ ಹೊಸಪೇಟೆಗೆ ಹೋಗಿ ಹೊಸ ಲೇಡೀಸ್ ಸೈಕಲ್ ತಂದು ಪಡಸಾಲೆಯಲ್ಲಿ ನಿಲ್ಲಿಸಿದ. "ನೀ ಸೋತಿಲ್ಲವ್ವ. ಸುದ್ದಿ ಮುಟ್ಟಿಸಿದಿ. ನಿನ್ನ ಗಂಟಿ ಕೇಳೇ ಸೇತುವಿ ಕೆಳಗ ಮಲಗಿದ್ದವ್ರು ಎದ್ದು ಬಂದಾರ. ಹೋಗು, ಕಾಲೇಜಿಗೆ ಹೋಗು" ಅಂದ. 

ನಾವೆಲ್ಲ ಅವಳ ಮುಖ ನೋಡಿದೆವು. ಅವಳು ಸೈಕಲ್ಲಿನ ಗಂಟೆ ಮುಟ್ಟಿದಳು, ಬಾರಿಸಲಿಲ್ಲ.

"ಬ್ಯಾಡ್ರಿ ಅಪ್ಪಾ. ನನಗ ಈಗ ಯಾವುದು ಎಷ್ಟು ಜೋರು ಬರ್ತೈತಿ ಅಂತ ತಿಳಿಯಂಗಿಲ್ಲ."

ಬೇಡವೆಂದು ಹೇಳುವುದು ದೊಡ್ಡಪ್ಪ ಎಂದು ನಾವು ವರ್ಷವೆಲ್ಲ ಹೆದರಿದ್ದೆವು. ಕೊನೆಗೆ ಹೇಳಿದವಳು ಅವಳೇ. ದಿನಾ ಬೆಳಗ್ಗೆ ಆ ಸೈಕಲ್ಲಿನ ಕೆಂಪು ಧೂಳು ಒರೆಸಿಡುತ್ತಿದ್ದಳು, ಹತ್ತಲಿಲ್ಲ. ಮುಂದೆ ಅದರ ಮೇಲೆ ಕಾಲೇಜಿಗೆ ಹೋದವಳು ನಾನು. ಅವಳನ್ನು ಕಂಪ್ಲಿಯ ಅಕ್ಕಿ ಗಿರಣಿಯವರ ಮನೆಗೆ ಕೊಟ್ಟರು. ಬೇವಿನ ಸೊಪ್ಪು ಕಟ್ಟುವ ಪದ್ಧತಿಯೂ ಆ ವರ್ಷಕ್ಕೇ ನಿಂತಿತು. ಯಾರ ಮನೆಯವರೂ ಮಕ್ಕಳನ್ನು ಕಳಿಸಲಿಲ್ಲ.

ಈಗ ಲಾರಿಗಳ ಸಾಲಿಲ್ಲ. ಬೆಳ್ಳಕ್ಕಿ ಮತ್ತೆ ಬೆಳ್ಳಗಿವೆ. ಚಳಿಗಾಲದಲ್ಲಿ ಹಂಪಿಗೆ ಬಂದವರು ಹೆಲ್ಮೆಟ್ ಹಾಕಿಕೊಂಡು, ಗೇರಿನ ಸೈಕಲ್ಲುಗಳಲ್ಲಿ ಅದೇ ಗರಸು ದಾರಿಯಲ್ಲಿ ಹೋಗುತ್ತಾರೆ, ಮಂಟಪದ ಮುಂದೆ ನಿಂತು ಫೋಟೋ ತೆಗೆದುಕೊಳ್ಳುತ್ತಾರೆ. ಚೆಂದದ ದಾರಿ ಅನ್ನುತ್ತಾರೆ. ಹೌದು, ಚೆಂದದ ದಾರಿಯೇ. ಅವರ ಗಂಟೆ ಕೇಳಿ ಯಾರೂ ಮನೆಯಿಂದ ಹೊರಗೆ ಬರುವುದಿಲ್ಲ, ಅಷ್ಟೇ.

ಹೋದ ಬೇಸಿಗೆ ವನಜಕ್ಕ ಮಗಳನ್ನು ಕರೆದುಕೊಂಡು ಊರಿಗೆ ಬಂದಿದ್ದಳು. ನೀರು ಬಿಟ್ಟ ಮೆಸೇಜು ಬಂತು, ನೋಡಲು ಮೂವರೂ ದಂಡೆಗೆ ಹೋದೆವು. ಒಣ ಎಲೆ, ನೊರೆ ದೂಡಿಕೊಂಡು ನೀರು ಹಳೆಯ ಹಾಗೇ ನಿಧಾನ ಬರುತ್ತಿತ್ತು. ಮಗು ಬಗ್ಗಿ ನೋಡಿ ಕೇಳಿತು:

"ಅವ್ವಾ, ಇದು ಕಮಲಾಪುರ ಮುಟ್ಟಾಕ ಎಷ್ಟು ಹೊತ್ತು ಬೇಕು?"

ನಾನು ವನಜಕ್ಕನ ಬೆರಳುಗಳನ್ನೇ ನೋಡಿದೆ. ಅವು ನೀರಿಗೆ ಇಳಿಯಲಿಲ್ಲ, ಮಗಳ ರಟ್ಟೆ ಹಿಡಿದವು.

"ನನಗೇನು ಗೊತ್ತವ್ವ" ಅಂದಳು. "ಹಿಂದಕ ಬಾ."